ಹೊಗೆಮಂಜಿಗೆ ಹೆದರಿ ಮನೆ ಸೇರಿದರೆ ಸಾಕೇ? ಸಿಒಪಿಡಿ ರೋಗಿಗಳಿಗೆ ಕುರ್ಚಿಯೂ ಅಪಾಯ

ಚಳಿಗಾಲ ಬಂತೆಂದರೆ ದೆಹಲಿಯಲ್ಲಿ ಪ್ರತಿ ವರ್ಷ ಅದೇ ಸೂಚನೆ: ವೃದ್ಧರು, ಉಸಿರಾಟದ ತೊಂದರೆ ಇರುವವರು ಹೊರಗೆ ಬರಬೇಡಿ. ವಾಯು ಗುಣಮಟ್ಟ ಸೂಚ್ಯಂಕ 400 ದಾಟಿದ ದಿನ ಇದು ಸರಿಯಾದ ಸಲಹೆಯೇ. ಆದರೆ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಗಾಳಿ ಹೊರಹೋಗುವುದೇ ಕಷ್ಟವಾಗುವ ದೀರ್ಘಕಾಲದ ಕಾಯಿಲೆ ಇರುವ ಅನೇಕರಿಗೆ ಇದು 'ಕುರ್ಚಿಯಿಂದ ಏಳಬೇಡಿ' ಎಂದು ಕೇಳಿಸುತ್ತದೆ. ಮನೆಯವರಿಗೂ ಹಾಗೆಯೇ. ನೀರಿನ ಲೋಟವೂ ಕೂತಲ್ಲಿಗೇ ಬರುತ್ತದೆ.

ತೊಂದರೆ ಶುರುವಾಗುವುದು ಇಲ್ಲೇ. ನಡೆದರೆ ಏದುಸಿರು ಬರುತ್ತದೆ, ಅದಕ್ಕೆ ಹೆದರಿ ರೋಗಿ ಕೂರುತ್ತಾರೆ. ಕೂತಷ್ಟೂ ತೊಡೆಯ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ಬೇಗ ದಣಿಯುತ್ತದೆ, ಅಷ್ಟೇ ದೂರಕ್ಕೆ ಮೊದಲಿಗಿಂತ ಹೆಚ್ಚು ಉಸಿರು ಬೇಡುತ್ತದೆ. ಎರಡು ಮಹಡಿ ಹತ್ತುತ್ತಿದ್ದವರಿಗೆ ಕೊನೆಗೆ ಬಚ್ಚಲುಮನೆಯೇ ದೂರವಾಗುತ್ತದೆ. ಶ್ವಾಸಕೋಶಕ್ಕೆ ಆದ ಹಾನಿ ಸರಿಹೋಗದು, ನಿಜ. ಸ್ನಾಯುವಿನ ಶಕ್ತಿಯನ್ನು ಮಾತ್ರ ಮರಳಿ ಪಡೆಯಬಹುದು.

ಇದು ಕೆಲವರ ಕಥೆಯಲ್ಲ. 2018ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪ್ರಕಟಿಸಿದ ಅಂದಾಜಿನಂತೆ ಭಾರತದಲ್ಲಿ 1990ರಲ್ಲಿ ಸುಮಾರು 2.8 ಕೋಟಿ ಇದ್ದ ಸಿಒಪಿಡಿ ರೋಗಿಗಳು 2016ರ ವೇಳೆಗೆ 5.5 ಕೋಟಿ ಆಗಿದ್ದರು. ಬೀಡಿ, ಸಿಗರೇಟು ಮಾತ್ರವಲ್ಲ, ಸೌದೆ ಒಲೆಯ ಹೊಗೆಯೂ ಕಾರಣ. ಹಾಗಾಗಿ ಎಂದೂ ಬೀಡಿ ಮುಟ್ಟದ ಅಜ್ಜಿಯರೂ ಈ ಲೆಕ್ಕದಲ್ಲಿದ್ದಾರೆ.

ಪರಿಹಾರ ಗೊತ್ತಿಲ್ಲದ್ದೇನಲ್ಲ. ವೈದ್ಯರು ಇದನ್ನು ಶ್ವಾಸಕೋಶ ಪುನಶ್ಚೇತನ ಎನ್ನುತ್ತಾರೆ: ಸಾಮಾನ್ಯವಾಗಿ 6ರಿಂದ 12 ವಾರ ಫಿಸಿಯೋಥೆರಪಿಸ್ಟ್ ನಿಗಾದಲ್ಲಿ ನಡಿಗೆ, ಕಾಲಿನ ವ್ಯಾಯಾಮ, ತುಟಿ ಚೂಪು ಮಾಡಿ ನಿಧಾನವಾಗಿ ಉಸಿರು ಬಿಡುವ ಅಭ್ಯಾಸ. ಆದರೆ ದುಡ್ಡು ಯಾರು ಕೊಡಬೇಕು? ಆಯುಷ್ಮಾನ್ ಭಾರತ್ ಯೋಜನೆ 2024ರ ಅಕ್ಟೋಬರ್‌ನಿಂದ 70 ದಾಟಿದ ಎಲ್ಲರಿಗೂ ತೆರೆದಿದೆ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಅದು ಒಳರೋಗಿ ಚಿಕಿತ್ಸೆಗೆ. ಉಸಿರುಕಟ್ಟಿ ಆಸ್ಪತ್ರೆ ಸೇರಿದರೆ ಹಣ ಸಿಗುತ್ತದೆ, ಸೇರದಂತೆ ತಡೆಯಬಲ್ಲ ಹೊರರೋಗಿ ತರಬೇತಿಗೆ ಸಿಗದು. ಈ ಲೆಕ್ಕಾಚಾರ ವಿಚಿತ್ರ.

ಅಲ್ಲಿಯವರೆಗೆ ಮನೆಯೊಳಗೇ ದಾರಿ ಹುಡುಕಬೇಕು. ದೀರ್ಘಕಾಲದ ಕಾಯಿಲೆ ಇರುವವರೂ ಕೂರುವ ಹೊತ್ತು ಕಡಿಮೆ ಮಾಡಬೇಕು, ಹಗುರ ಚಲನೆಯಿಂದಲೂ ಲಾಭವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿದೆ. ಟಿವಿ ಧಾರಾವಾಹಿಯ ಜಾಹೀರಾತು ಬಂದಾಗಲೆಲ್ಲ ಎದ್ದು ನಾಲ್ಕು ಹೆಜ್ಜೆ ಹಾಕಬಹುದು. ಮುಂಬೈನ ಒಂದೇ ಕೋಣೆಯ ಮನೆಯಲ್ಲಿ ನಡೆಯಲು ಜಾಗವಿಲ್ಲದಿದ್ದರೆ ಕುರ್ಚಿಯಿಂದ ಎದ್ದು ಕೂರುವುದೇ ವ್ಯಾಯಾಮ. ಕಿಟಕಿ ಮುಚ್ಚಿ ಒಳಗೆ ಅಗರಬತ್ತಿ, ಸೊಳ್ಳೆಬತ್ತಿ ಹಚ್ಚಿದರೆ ಮಾತ್ರ ಪ್ರಯೋಜನವಿಲ್ಲ. ಎದೆನೋವು ಇರುವವರು, ಆಕ್ಸಿಜನ್ ಬಳಸುವವರು, ಕಾಯಿಲೆ ಉಲ್ಬಣಿಸಿದವರು ಮೊದಲು ವೈದ್ಯರನ್ನು ಕೇಳಬೇಕು.

ಡಿಸ್ಚಾರ್ಜ್ ಚೀಟಿಯಲ್ಲಿ ಇನ್‌ಹೇಲರ್ ದಿನಕ್ಕೆಷ್ಟು ಸಲ ಎಂದು ಇರುತ್ತದೆ. ದಿನಕ್ಕೆಷ್ಟು ನಿಮಿಷ ನಡೆಯಬೇಕು ಎಂಬುದನ್ನೂ ಅಲ್ಲೇ ಬರೆಸಿಕೊಳ್ಳಿ.