ನೆಟ್ ಇದ್ದರೆ ಸಾಕಾ?

ಶಾಗ್ಯದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ತಮ್ಮ ಝೆರಾಕ್ಸ್ ಮೆಷಿನ್ ಇಟ್ಟುಕೊಂಡು ಊರವರಿಗೆ ಅರ್ಜಿ ತುಂಬಿ ಕೊಡುತ್ತಾನೆ. ಟೈಪಿಂಗ್ ನಡೆಯುವುದು ನಡುಮನೆಯ ಕಂಪ್ಯೂಟರಿನಲ್ಲಿ, ಪ್ರಿಂಟರ್ ಇರುವುದು ಮುಂದಿನದಕ್ಕೆ. ನಡುಮನೆಗೆ ಸಿಗ್ನಲ್ ಸಾಲದು ಅಂತ ಇನ್ನೊಂದು ವೈಫೈ ಡಬ್ಬಿ ತಂದ. ಅವತ್ತಿಂದ ಒಳಗಿನ ಫೋಲ್ಡರ್ ಹೊರಗೆ ಕಾಣುವುದೇ ನಿಂತಿತು.

"ಎರಡ್ರಲ್ಲೂ ನೆಟ್ ಬತ್ತಾ ಅದ ಕನಣ್ಣ, ಒಂದುಕ್ಕೊಂದು ಮಾತ್ರ ಕಾಣ್ತಾನೇ ಇಲ್ಲ" ಅಂತ ಫೋನ್ ಮಾಡಿದ. ನೆಟ್ ಕೊಟ್ಟವರನ್ನೂ ಕೇಳಿದ್ದನಂತೆ. "ನೆಟ್ ಬರ್ತಿದೆ ತಾನೆ ಸರ್? ಹಾಗಾದ್ರೆ ನಮ್ ಕಡೆ ಪ್ರಾಬ್ಲಮ್ ಇಲ್ಲ" ಅಂದರಂತೆ.

ಅವರನ್ನು ಬಯ್ಯುವ ಯೋಗ್ಯತೆ ನನಗಿಲ್ಲ. ಬಿಇ ಓದಿ ಇದೇ ಕೆಲಸದಲ್ಲಿರುವ ನಾನು ಹೇಳಿದ್ದೇನು? "ವಾಟ್ಸಾಪಲ್ಲಿ ಕಳ್ಸ್ಕೊಳ್ಳೋ."

ಆರು ತಿಂಗಳು ಹಾಗೇ ನಡೆಯಿತು. ಊರವರ ಆಧಾರ್, ಪಹಣಿ, ಜಾತಿ ಸರ್ಟಿಫಿಕೇಟು ಒಂದು ಗೋಡೆ ದಾಟಲಿಕ್ಕೆ ಎಲ್ಲಿನದೋ ಸರ್ವರ್‌ಗೆ ಹೋಗಿ ಬರುತ್ತಿದ್ದವು. ಮಳೆ ಬಂದು ನೆಟ್ ಹೋದರೆ ಟೈಪ್ ಆಗಿ ರೆಡಿ ಇದ್ದ ಅರ್ಜಿಯ ಪ್ರಿಂಟೂ ಇಲ್ಲ. ಜನ ಜಗಲಿ ಮೇಲೆ ಕಾಯಬೇಕು. ಪಕ್ಕದ ಮನೆಗೆ ಮಜ್ಜಿಗೆ ಕೊಡು ಅಂತ ತಮ್ಮನನ್ನು ಕೊಳ್ಳೇಗಾಲದ ಬಸ್ ಹತ್ತಿಸಿದವನು ನಾನು.

ದೀಪಾವಳಿಗೆ ಹೋದಾಗ ಕೂತು ನೋಡಿದೆ. ಐಪಿಕಾನ್ಫಿಗ್ ಹೊಡೆದರೆ ಮುಂದಿನದರ ವಿಳಾಸ 192.168.1.5, ಒಳಗಿನದು 192.168.0.104. ಮೂರನೇ ಅಂಕಿಯೇ ಬೇರೆ, ಅಂದರೆ ಎರಡೂ ಬೇರೆ ಬೇರೆ ಜಾಲದಲ್ಲಿವೆ. ಒಳಗಿನಿಂದ ಹೊರಕ್ಕೆ ಪಿಂಗ್ ಹೋಗುತ್ತೆ, ಹೊರಗಿನಿಂದ ಒಳಕ್ಕೆ ಇಲ್ಲ. ನೆಟ್ ಕೊಟ್ಟವರ ಡಬ್ಬಿಯೂ ರೂಟರ್, ತಮ್ಮ ತಂದದ್ದೂ ರೂಟರ್. ಎರಡನೆಯದು ತನ್ನದೇ ವಿಳಾಸ ಹಂಚಿ, ತನ್ನ ಹಿಂದಿದ್ದ ಕಂಪ್ಯೂಟರನ್ನು ಮರೆಮಾಡಿತ್ತು. ಅದರ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಕೆಲಸವನ್ನು ಆಫ್ ಮಾಡಿ, ವ್ಯಾನ್ ಪೋರ್ಟಿನ ಕೇಬಲ್ ಕಿತ್ತು ಲ್ಯಾನ್ ಪೋರ್ಟಿಗೆ ಹಾಕಿದೆ. ಒಳಗಿನ ಕಂಪ್ಯೂಟರಿನಲ್ಲಿ ನೆಟ್‌ವರ್ಕನ್ನು 'ಪಬ್ಲಿಕ್' ಬದಲು 'ಪ್ರೈವೇಟ್' ಮಾಡಿದೆ. ಹತ್ತು ನಿಮಿಷ ಹಿಡಿಯಿತು. ಆಮೇಲೆ ಹೊರಗಿಂದ ಬರುವ ನೆಟ್ ಲೈನ್ ಕಿತ್ತು, ಒಳಗಿನ ಫೈಲನ್ನು ಮುಂದೆ ಪ್ರಿಂಟ್ ತೆಗೆದು ತೋರಿಸಿದೆ.

"ನೆಟ್ ಇಲ್ದೇನೂ ಆಯ್ತದಾ?" ಅಂದ.

ಆ ಪ್ರಶ್ನೆಗೆ ನಾಚಬೇಕಾದವರು ನಾವು. ಈಥರ್ನೆಟ್ ಹುಟ್ಟಿದ್ದು 1973ರಲ್ಲಿ, ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಪ್ರಯೋಗಾಲಯದಲ್ಲಿ. ಒಂದೇ ಕಟ್ಟಡದ ಕಂಪ್ಯೂಟರ್‌ಗಳನ್ನು ಲೇಸರ್ ಪ್ರಿಂಟರ್‌ಗೆ ಜೋಡಿಸಲಿಕ್ಕೆ. ತಮ್ಮನಿಗೆ ಬೇಕಾಗಿದ್ದದ್ದೂ ಅಷ್ಟೇ! 192.168ರ ವಿಳಾಸಗಳನ್ನು ಇಂಥ ಒಳಬಳಕೆಗೆಂದೇ 1996ರ ಆರ್‌ಎಫ್‌ಸಿ 1918 ಮೀಸಲಿಟ್ಟಿದೆ. ಇಷ್ಟೆಲ್ಲ ಇದ್ದೂ ನಾವು ಬರೆಯುವ ಸ್ಕ್ರೀನುಗಳು 'ಇಂಟರ್‌ನೆಟ್ ಕನೆಕ್ಟೆಡ್' ಅಂತ ತೋರಿಸಿ ಕೈತೊಳೆದುಕೊಳ್ಳುತ್ತವೆ. ಎಷ್ಟೋ ರೂಟರ್‌ಗಳಲ್ಲಿ ಇದಕ್ಕಂತಲೇ 'ಆಕ್ಸೆಸ್ ಪಾಯಿಂಟ್ ಮೋಡ್' ಇದೆ. ಆದರೆ ನಿನಗೆ ಬೇಕಾದದ್ದು ಅದು ಅಂತ ಶಾಗ್ಯದ ಹುಡುಗನಿಗೆ ಯಾರು ಹೇಳಬೇಕು? 'ಮುಂದೆ ಇನ್ನೊಂದು ರೂಟರ್ ಇದೆ, ಇದನ್ನು ಅದರ ಜೊತೆ ಸೇರಿಸಲೇ?' ಅಂತ ಕನ್ನಡದಲ್ಲಿ ಒಂದು ಸಾಲು ಬರೆಯಲು ನಮಗೇನು ದಾಡಿ?

ಕ್ಲೌಡ್ ಬೇಡ ಅಂತಿಲ್ಲ. ಸಿಡಿಲಿಗೆ ಕಂಪ್ಯೂಟರ್ ಸುಟ್ಟುಹೋದರೆ ಇನ್ನೊಂದು ಕಡೆ ಪ್ರತಿ ಬೇಕೇ ಬೇಕು. ಅದನ್ನು ಗೊತ್ತಿದ್ದು ಆರಿಸಿಕೊಳ್ಳಲಿ. ನಮ್ಮ ಸೋಮಾರಿತನಕ್ಕೆ ಊರವರ ಪಹಣಿ ಯಾಕೆ ಊರೂರು ಸುತ್ತಬೇಕು?

ಊರಿಂದ ಇಂಥ ಫೋನ್ ಬಂದರೆ, "ವಾಟ್ಸಾಪ್ ಮಾಡು" ಅನ್ನುವ ಮುಂಚೆ ಎರಡೂ ಕಂಪ್ಯೂಟರಿನ ವಿಳಾಸ ಓದಿ ಹೇಳಲು ಕೇಳಿ. ಮೊದಲ ಮೂರು ಅಂಕಿ ಹೊಂದದಿದ್ದರೆ ಅಲ್ಲಿಂದಲೇ ಶುರು ಮಾಡಿ. ಹತ್ತು ನಿಮಿಷದ ಕೆಲಸ, ನಾನು ಆರು ತಿಂಗಳು ತಗೊಂಡೆ.