ಡಬ್ಬದ ಮೇಲಿನ 48 ಮೆಗಾಪಿಕ್ಸೆಲ್

ನಮ್ಮ ವಿಟ್ಲದ ಕಡೆ ಬಹಳ ಮನೆಗಳ ಕಪಾಟಿನಲ್ಲಿ ಒಂದು ಹಳೆಯ ಡಿಜಿಟಲ್ ಕ್ಯಾಮೆರಾ ಇರುತ್ತದೆ. ಹದಿನೈದಿಪ್ಪತ್ತು ವರ್ಷಗಳ ಹಿಂದೆ ಗಲ್ಫಿನಿಂದ ರಜೆಗೆ ಬಂದ ಮಾವನೋ ಚಿಕ್ಕಪ್ಪನೋ ತಂದದ್ದು. ಮೊಬೈಲು ಬಂದ ಮೇಲೆ ಅದು ಚಾರ್ಜರ್ ಸಮೇತ ಮೂಲೆ ಸೇರಿತ್ತು. ಒಂದೆರಡು ವರ್ಷಗಳಿಂದ ಅದು ಮತ್ತೆ ಹೊರಗೆ ಬರುತ್ತಿದೆ. ಜನವರಿಯ ವಿಟ್ಲ ಜಾತ್ರೆಯಲ್ಲಿ, ಮೂಡುಬಿದಿರೆಯ ಕಾಲೇಜು ಉತ್ಸವಗಳಲ್ಲಿ, ಬೆಳ್ತಂಗಡಿಯ ಗಡಾಯಿಕಲ್ಲು ಹತ್ತುವ ಗುಂಪುಗಳಲ್ಲಿ ನಮ್ಮ ವಯಸ್ಸಿನವರು ಅದನ್ನು ಕೈಗೆ ನೇತು ಹಾಕಿಕೊಂಡು ತಿರುಗುತ್ತಾರೆ. ಮನೆಯಲ್ಲಿ ಇಲ್ಲದವರು ಹೊಸದನ್ನು ಹುಡುಕುತ್ತಾರೆ. ತೊಂದರೆ ಶುರುವಾಗುವುದು ಇಲ್ಲಿ. ಹತ್ತು ಸಾವಿರ ರೂಪಾಯಿ ಹಿಡಿದುಕೊಂಡು ಹೊರಟ ವಿದ್ಯಾರ್ಥಿಗೆ ಮಾರುಕಟ್ಟೆಯಲ್ಲಿ ಈಗ ನೆಟ್ಟಗಿನ ವಸ್ತು ಸಿಗುವುದೇ ಕಷ್ಟ.

ಯಾಕೆ ಎಂದು ತಿಳಿಯಬೇಕಾದರೆ ಸ್ವಲ್ಪ ಅಂಕಿಅಂಶ ನೋಡಬೇಕು. ಜಪಾನಿನ ಕ್ಯಾಮೆರಾ ತಯಾರಕರ ಸಂಘಟನೆ 'ಸಿಪಾ' ಪ್ರತಿ ವರ್ಷ ಲೆಕ್ಕ ಕೊಡುತ್ತದೆ. 2010ರಲ್ಲಿ ಅದರ ಸದಸ್ಯ ಕಂಪನಿಗಳು ಜಗತ್ತಿಗೆಲ್ಲ ಕಳುಹಿಸಿದ ಕಾಂಪ್ಯಾಕ್ಟ್ ಕ್ಯಾಮೆರಾಗಳ ಸಂಖ್ಯೆ ಸುಮಾರು 10.8 ಕೋಟಿ. 2023ರಲ್ಲಿ ಅದು ಸುಮಾರು 17 ಲಕ್ಷ. ಅಂದರೆ ನೂರು ಮಾರುತ್ತಿದ್ದ ಕಡೆ ಎರಡೂ ಇಲ್ಲ. 2024ರಲ್ಲಿ ಸ್ವಲ್ಪ ಚೇತರಿಸಿ 19 ಲಕ್ಷದ ಹತ್ತಿರ ಬಂತು. ಪತ್ರಿಕೆಗಳಲ್ಲಿ 'ಕ್ಯಾಮೆರಾ ಮರಳಿ ಬಂತು' ಎಂದು ಓದುತ್ತೇವಲ್ಲ, ಆ ಮರಳಿಕೆ ಇಷ್ಟೇ. ಈ ನಡುವೆ ಕ್ಯಾಸಿಯೊ 2018ರಲ್ಲಿ ಅಂಗಡಿ ಮುಚ್ಚಿತು. ಒಲಿಂಪಸ್ ತನ್ನ ಕ್ಯಾಮೆರಾ ವಿಭಾಗವನ್ನೇ ಮಾರಿ 2021ರಲ್ಲಿ ಕೈತೊಳೆದುಕೊಂಡಿತು. ಉಳಿದವರು ಲಾಭ ಇರುವ ದುಬಾರಿ ಮಾದರಿಗಳ ಕಡೆ ಹೋದರು. ನಮ್ಮಂಥ ಗಿರಾಕಿಗಳಿಗಾಗಿ ಇದ್ದ ಕೆಳಗಿನ ಮೆಟ್ಟಿಲನ್ನು ಯಾರೂ ಕಿತ್ತು ಹಾಕಲಿಲ್ಲ, ಸುಮ್ಮನೆ ಬಿಟ್ಟು ಹೋದರು.

ಇದ್ದವರಲ್ಲೂ ಏನಾಯಿತು ನೋಡಿ. ಕ್ಯಾನನ್ 2016ರಲ್ಲಿ ಇಕ್ಸಸ್ 285 ಎಚ್‌ಎಸ್ ಎಂಬ ಅಂಗೈಯಷ್ಟು ದೊಡ್ಡ ಕ್ಯಾಮೆರಾ ಬಿಡುಗಡೆ ಮಾಡಿತ್ತು. 20 ಮೆಗಾಪಿಕ್ಸೆಲ್, 12 ಪಟ್ಟು ಆಪ್ಟಿಕಲ್ ಜೂಮ್. ಅಮೆರಿಕದಲ್ಲಿ ಆಗ ಅದರ ಬೆಲೆ 210 ಡಾಲರ್. ಸಿನಿಮಾ, ಮಾಡೆಲಿಂಗ್ ಮಂದಿ ಅದನ್ನು ಹಿಡಿದು ಫೋಟೊ ಹಾಕಿದ್ದೇ ತಡ, ಬೇಡಿಕೆ ಏರಿತು. 2025ರಲ್ಲಿ ಕಂಪನಿ ಅದನ್ನೇ ಹೆಸರಿನ ಕೊನೆಗೆ ಒಂದು 'ಎ' ಸೇರಿಸಿ ಮತ್ತೆ ತಂದಿತು. ಅದೇ ಸೆನ್ಸರ್, ಅದೇ ಲೆನ್ಸ್. ದೊಡ್ಡ ಎಸ್‌ಡಿ ಕಾರ್ಡಿನ ಬದಲು ಮೈಕ್ರೊ ಎಸ್‌ಡಿ ಬಂತು, ಹಿಂದೆ ಇದ್ದ ವೈಫೈ ಸೌಕರ್ಯಗಳಲ್ಲಿ ಕೆಲವು ಹೋದವು. ಬೆಲೆ ಮಾತ್ರ 379 ಡಾಲರ್. ಒಂಬತ್ತು ವರ್ಷ ಕಳೆದರೆ ಎಲೆಕ್ಟ್ರಾನಿಕ್ ವಸ್ತು ಅಗ್ಗ ಆಗಬೇಕು ಎಂದು ನಮಗೆ ಮೊದಲ ವರ್ಷದಿಂದ ಪಾಠ ಮಾಡುತ್ತಾರೆ. ಇಲ್ಲಿ ಆ ಪಾಠ ತಲೆಕೆಳಗಾಗಿದೆ.

ದೊಡ್ಡವರು ಬಿಟ್ಟುಹೋದ ಜಾಗ ಖಾಲಿ ಉಳಿಯಲಿಲ್ಲ. ಯಾವುದೇ ಆನ್‌ಲೈನ್ ಮಾರಾಟ ತಾಣದಲ್ಲಿ 'ಡಿಜಿಟಲ್ ಕ್ಯಾಮೆರಾ' ಎಂದು ಹುಡುಕಿ, ಬೆಲೆಯ ಮಿತಿ ಹತ್ತು ಸಾವಿರ ಎಂದು ಇಡಿ. ಹಿಂದೆಂದೂ ಕೇಳದ ಹೆಸರುಗಳ ಸಾಲು ಬರುತ್ತದೆ. ಎಲ್ಲದರ ಮೇಲೂ ಒಂದೇ ಮಂತ್ರ: 48 ಮೆಗಾಪಿಕ್ಸೆಲ್, 4ಕೆ ವಿಡಿಯೊ, 16 ಪಟ್ಟು ಜೂಮ್. ದೊಡ್ಡ ಕಂಪನಿಯ ಐವತ್ತು ಸಾವಿರದ ಕ್ಯಾಮೆರಾದಲ್ಲೇ 20 ಮೆಗಾಪಿಕ್ಸೆಲ್ ಇರುವಾಗ ಇದು ಆರು ಸಾವಿರಕ್ಕೆ 48 ಹೇಗೆ ಕೊಡುತ್ತದೆ?

ನನ್ನ ತರಗತಿಯ ಗೆಳೆಯನೊಬ್ಬ ಇಂಥದ್ದೊಂದನ್ನು ತರಿಸಿದ. ನಾವು ಇಲೆಕ್ಟ್ರಾನಿಕ್ಸ್ ಓದುವವರು, ಇಮೇಜ್ ಪ್ರೊಸೆಸಿಂಗ್ ಲ್ಯಾಬ್ ಇದೆ, ಬಿಡುವುದುಂಟೇ? ಅದರ ಫೋಟೊವನ್ನು ಕಂಪ್ಯೂಟರಿಗೆ ಹಾಕಿದೆವು. ಫೈಲಿನ ಅಳತೆ 8000×6000, ಲೆಕ್ಕಕ್ಕೆ 48 ಮೆಗಾಪಿಕ್ಸೆಲ್ ಸರಿಯೇ. ಆ ಚಿತ್ರವನ್ನು 2592×1944ಕ್ಕೆ, ಅಂದರೆ 5 ಮೆಗಾಪಿಕ್ಸೆಲ್‌ಗೆ ಕುಗ್ಗಿಸಿ ಮತ್ತೆ ಮೊದಲಿನಷ್ಟೇ ಹಿಗ್ಗಿಸಿದೆವು. ಮೂಲಕ್ಕೂ ಇದಕ್ಕೂ ಕಣ್ಣಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ನಿಜವಾಗಿ 48 ಇದ್ದಿದ್ದರೆ ಕುಗ್ಗಿಸಿದಾಗ ಎಲೆಯ ನರ, ಬೋರ್ಡಿನ ಸಣ್ಣ ಅಕ್ಷರ ಎಲ್ಲ ಕಳೆದುಹೋಗಬೇಕಿತ್ತು. ಕಳೆದುಕೊಳ್ಳಲು ಅದರಲ್ಲಿ ಏನೂ ಇರಲೇ ಇಲ್ಲ. ಆಮೇಲೆ ಫೂರಿಯರ್ ಟ್ರಾನ್ಸ್‌ಫಾರ್ಮ್ ಹಾಕಿ ನೋಡಿದೆವು. ಅದು ಚಿತ್ರದ ಸೂಕ್ಷ್ಮ ವಿವರಗಳನ್ನು ಅಂಚಿನ ಕಡೆಗೂ ದಪ್ಪ ಆಕಾರಗಳನ್ನು ನಡುವಿಗೂ ಬಿಡಿಸಿ ತೋರಿಸುತ್ತದೆ. ನಡುವೆ ಮೂರನೇ ಒಂದು ಭಾಗದಷ್ಟು ಅಗಲದಲ್ಲಿ ಬೆಳಕು, ಸುತ್ತಲೂ ಕಪ್ಪು. ಒಳಗಿನ ಸೆನ್ಸರ್ 5 ಮೆಗಾಪಿಕ್ಸೆಲ್ ಆಸುಪಾಸಿನದ್ದು, ಉಳಿದ 43 ಸಾಫ್ಟ್‌ವೇರ್ ಊಹಿಸಿ ತುಂಬಿದ ಚುಕ್ಕಿಗಳು. ಚಹಾಕ್ಕೆ ನೀರು ಹೊಯ್ದು ಲೋಟ ತುಂಬಿಸಿದ ಹಾಗೆ.

ಇದು ಗೊತ್ತಾದರೆ 4ಕೆಯ ಕಥೆಯೂ ಗೊತ್ತಾಗುತ್ತದೆ. 4ಕೆ ವಿಡಿಯೊದ ಒಂದು ಚೌಕಟ್ಟಿಗೆ 3840×2160, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್ ಬೇಕು. 50 ಲಕ್ಷ ಇರುವ ಸೆನ್ಸರ್ ಅದನ್ನು ಎಲ್ಲಿಂದ ತರುತ್ತದೆ?

16 ಪಟ್ಟು ಜೂಮ್ ಇನ್ನೂ ತಮಾಷೆ. ಡಬ್ಬದ ಮೂಲೆಯಲ್ಲಿ ಸಣ್ಣದಾಗಿ 'ಡಿಜಿಟಲ್' ಎಂದು ಇರುತ್ತದೆ. ಡಿಜಿಟಲ್ ಜೂಮ್ ಎಂದರೆ ಫೋಟೊದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದು. 16 ಪಟ್ಟು ಎಂದರೆ ಅಗಲದಲ್ಲಿ ಹದಿನಾರನೇ ಒಂದು, ಎತ್ತರದಲ್ಲೂ ಹದಿನಾರನೇ ಒಂದು, ಒಟ್ಟು 256ನೇ ಒಂದು ಭಾಗ. ಅವರ 48 ಮೆಗಾಪಿಕ್ಸೆಲ್ ಸತ್ಯ ಎಂದೇ ಒಪ್ಪಿದರೂ ಉಳಿಯುವುದು 1.9 ಲಕ್ಷ ಪಿಕ್ಸೆಲ್ ಕೂಡ ಇಲ್ಲ. ಹಳೆಯ ಕೀಪ್ಯಾಡ್ ಮೊಬೈಲುಗಳ ವಿಜಿಎ ಕ್ಯಾಮೆರಾದಲ್ಲಿ 3 ಲಕ್ಷ ಇತ್ತು. ತೋಟದಲ್ಲಿ ಕೂತ ಮಂಗಟ್ಟೆ ಹಕ್ಕಿಯನ್ನು ಇದರಲ್ಲಿ ಹಿಡಿದರೆ ಹಕ್ಕಿಯೋ ಒಣ ಸೋಗೆಯೋ ತಿಳಿಯದು. ಲೆನ್ಸ್ ಮುಂದೆ ಹಿಂದೆ ಸರಿದು ಹತ್ತಿರ ತರುವ ಆಪ್ಟಿಕಲ್ ಜೂಮ್ ಬೇರೆಯೇ. ಕೊಳ್ಳುವಾಗ ನೋಡಬೇಕಾದದ್ದು ಅದು.

ಹಾಗಾದರೆ ಯಾವ ಅಂಕಿಯನ್ನು ನಂಬಬೇಕು? ಮೊದಲು ಸೆನ್ಸರಿನ ಗಾತ್ರ. ಮಳೆಗಾಲದಲ್ಲಿ ಅಂಗಳದಲ್ಲಿ ಒಂದು ಚೆಂಬು, ಒಂದು ಬಾಲ್ದಿ ಇಟ್ಟರೆ ಯಾವುದರಲ್ಲಿ ಹೆಚ್ಚು ನೀರು? ಬಾಯಿ ಅಗಲ ಇರುವುದರಲ್ಲಿ. ಬೆಳಕಿಗೂ ಅದೇ ಲೆಕ್ಕ. ಸಾಮಾನ್ಯ ಕಾಂಪ್ಯಾಕ್ಟ್‌ಗಳಲ್ಲಿರುವ 1/2.3 ಇಂಚಿನ ಸೆನ್ಸರಿನ ವಿಸ್ತೀರ್ಣ ಸುಮಾರು 28 ಚದರ ಮಿ.ಮೀ. '1 ಇಂಚು' ಎಂದು ಕರೆಯುವ ಸೆನ್ಸರಿನದ್ದು 116, ನಾಲ್ಕು ಪಟ್ಟು ಹೆಚ್ಚು. ಎರಡನೆಯದು ಲೆನ್ಸಿನ ಮೇಲೆ ಬರೆದಿರುವ ಎಫ್ ಸಂಖ್ಯೆ. ಅದು ಕಡಿಮೆ ಇದ್ದಷ್ಟೂ ಒಳಗೆ ಬರುವ ಬೆಳಕು ಹೆಚ್ಚು. ಇಕ್ಸಸ್ 285ರಲ್ಲಿ ಜೂಮ್ ಪೂರ್ತಿ ಎಳೆದಾಗ ಅದು ಎಫ್/7. ಮೊಬೈಲಿನ ಎಫ್/1.8ಕ್ಕೆ ಹೋಲಿಸಿದರೆ ಸೆನ್ಸರಿನ ಪ್ರತಿ ಚದರ ಮಿ.ಮೀ.ಗೆ ಬೀಳುವ ಬೆಳಕು ಹದಿನೈದನೇ ಒಂದು ಭಾಗ ಮಾತ್ರ. ಹಗಲಿನ ಕಂಬಳಕ್ಕೆ ಸಾಕು. ರಾತ್ರಿಯ ಯಕ್ಷಗಾನದಲ್ಲಿ ವೇಷ ಧಿಗಿಣ ಹೊಡೆಯುವಾಗ ಅದೇ ಕ್ಯಾಮೆರಾದಲ್ಲಿ ಸಿಗುವುದು ಬಣ್ಣದ ಸುಳಿ. ಫ್ಲ್ಯಾಶ್ ಇದೆಯಲ್ಲ ಎನ್ನಬೇಡಿ. ಅಷ್ಟು ಪುಟ್ಟ ಫ್ಲ್ಯಾಶಿನ ಬೆಳಕು ಮೂರ್ನಾಲ್ಕು ಮೀಟರಿನ ಆಚೆ ಹೋಗದು. ಕಲಾವಿದರ ಕಣ್ಣಿಗೆ ಕಿರಿಕಿರಿ, ಹಿಂದೆ ಕೂತವರಿಂದ ಬೈಗುಳ ಬೇರೆ.

ಮೊಬೈಲಿನ ಎದುರು ಇದರ ಬೆಲೆ ಏನು ಎಂಬ ಪ್ರಶ್ನೆಗೆ ಮುಲಾಜಿಲ್ಲದೆ ಹೇಳಬೇಕು. ಮಧ್ಯಮ ಬೆಲೆಯ ಅನೇಕ ಮೊಬೈಲುಗಳ ಮುಖ್ಯ ಸೆನ್ಸರ್ ಈಗ 1/2.3 ಇಂಚಿಗಿಂತ ದೊಡ್ಡದು. ಅದರ ಜೊತೆಗೆ ಒಂದರ ಹಿಂದೆ ಒಂದು ಹಲವು ಫೋಟೊ ತೆಗೆದು ಬೆರೆಸುವ ಪ್ರೊಸೆಸರ್ ಇದೆ. ಬರೀ ಗುಣಮಟ್ಟ ಬೇಕಾದವರಿಗೆ ಹತ್ತು ಸಾವಿರದ ಕಾಂಪ್ಯಾಕ್ಟ್ ಬೇಡವೇ ಬೇಡ. ಆದರೆ ಆ ಬೆರೆಸುವಿಕೆಯೇ ನಮ್ಮವರಿಗೆ ಸಾಕಾಗಿದೆ. ಮುಖ ಮೈದಾ ಹಿಟ್ಟಿನ ಹಾಗೆ ನುಣುಪು, ರಾತ್ರಿಯೂ ಹಗಲಿನ ಹಾಗೆ. ಹಳೆಯ ಕ್ಯಾಮೆರಾ ಹಾಗೆ ಮಾಡುವುದಿಲ್ಲ. ಫ್ಲ್ಯಾಶ್ ಹೊಡೆದರೆ ಮುಖ ಬೆಳ್ಳಗೆ, ಹಿಂದೆ ಕತ್ತಲು. ಅದು ಚೆಂದ ಎನ್ನುವವರನ್ನು ನಾನು ಗೇಲಿ ಮಾಡುವುದಿಲ್ಲ. ಫೋಟೊ ತೆಗೆಯಲು ಹೋಗಿ ನೋಟಿಫಿಕೇಶನ್ ನೋಡುತ್ತ ಕೂರುವ ಕಾಟವೂ ಇಲ್ಲ. 'ಸಿಸಿಡಿ ಸೆನ್ಸರ್ ಎಂದರೆ ಮಾಂತ್ರಿಕ ಬಣ್ಣ' ಎಂದು ರೀಲ್ಸ್‌ನಲ್ಲಿ ಹೇಳುವುದನ್ನು ಮಾತ್ರ ಒಪ್ಪಲಾರೆ. ಬಣ್ಣ ಬಹುಪಾಲು ಬರುವುದು ಸೆನ್ಸರಿನ ಮೇಲಿನ ಫಿಲ್ಟರ್ ಮತ್ತು ಕಂಪನಿ ಬರೆದ ಪ್ರೊಸೆಸಿಂಗ್‌ನಿಂದ. ಸಿಸಿಡಿ ಎಂಬ ಮೂರಕ್ಷರಕ್ಕಾಗಿ ಎರಡು ಪಟ್ಟು ಹಣ ಕೊಡುವುದಕ್ಕೆ ಅರ್ಥವಿಲ್ಲ.

ತೆರಿಗೆಯ ವಿಷಯ ಚುಟುಕಾಗಿ. ಡಿಜಿಟಲ್ ಕ್ಯಾಮೆರಾದ ಜಿಎಸ್‌ಟಿ 2019ರ ಜನವರಿ 1ರಿಂದ ಶೇ 28ರಿಂದ 18ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರ ಬದಲಾವಣೆಯಲ್ಲಿ ಎಸಿ, ದೊಡ್ಡ ಟಿವಿಗಳು ಕೂಡ 18ಕ್ಕೆ ಬಂದವು. ಕ್ಯಾಮೆರಾ ಮೊದಲೇ ಅಲ್ಲಿದ್ದುದರಿಂದ ನಮಗೆ ಹೊಸ ಲಾಭವಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಒಂದನ್ನು ಗುರುತು ಹಾಕಿಕೊಳ್ಳಬಹುದು. ಕಸ್ಟಮ್ಸ್ ಕಾನೂನಿನಲ್ಲಿ ಪದೇ ಪದೇ ಉಲ್ಲೇಖವಾಗುವ 'ಕ್ಯಾನನ್ ಇಂಡಿಯಾ' ಪ್ರಕರಣ ಹುಟ್ಟಿದ್ದು ಇಂಥ ಕ್ಯಾಮೆರಾಗಳ ಆಮದಿಗೆ ಸುಂಕ ವಿನಾಯಿತಿ ಇದೆಯೇ ಎಂಬ ತಕರಾರಿನಿಂದ. ಕಂದಾಯ ಗುಪ್ತಚರ ನಿರ್ದೇಶನಾಲಯದ ಅಧಿಕಾರಿಗಳಿಗೆ ನೋಟಿಸ್ ಕೊಡುವ ಅಧಿಕಾರವಿಲ್ಲ ಎಂದು 2021ರ ಮಾರ್ಚ್‌ನಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2024ರ ನವೆಂಬರ್ 7ರಂದು ಮರುಪರಿಶೀಲನೆಯಲ್ಲಿ ಅಧಿಕಾರ ಇದೆ ಎಂದಿತು.

ಹೊಸದು ಕೈಗೆಟಕದಿದ್ದರೆ ಸೆಕೆಂಡ್ ಹ್ಯಾಂಡ್. ನನ್ನ ಮತ ಇದಕ್ಕೇ, ಆದರೆ ಕೈಯಲ್ಲಿ ಹಿಡಿದು ನೋಡಿದ ಮೇಲೆ ಮಾತ್ರ. ಹಣ ಕೂಡಿಸಲು ಆರು ತಿಂಗಳು ಕಾಯಬಲ್ಲವರು 1 ಇಂಚಿನ ಸೆನ್ಸರ್ ಇರುವ ಹಳೆಯ ಮಾದರಿ ಹುಡುಕಿ. ಸೋನಿಯ ಮೊದಲ ಆರ್‌ಎಕ್ಸ್100 ಬಂದದ್ದು 2012ರಲ್ಲಿ, ಆದರೂ ಅದರ ಎಫ್/1.8 ಲೆನ್ಸ್ ಇವತ್ತಿಗೂ ಹಳತಾಗಿಲ್ಲ. ಕಡಿಮೆ ಹಣದವರಿಗೆ ಸೋನಿಯ ಡಬ್ಲ್ಯು830, ಕ್ಯಾನನ್‌ನ ಇಕ್ಸಸ್ 185ರಂಥವು. ಎರಡರಲ್ಲೂ 8 ಪಟ್ಟು ಆಪ್ಟಿಕಲ್ ಜೂಮ್ ಇದೆ. ವಿಡಿಯೊ ಮಾತ್ರ 720ಪಿ, ಅದರ ಆಸೆ ಬಿಡಬೇಕು. ನೋಡಲು ಹೋಗುವಾಗ ಲ್ಯಾಪ್‌ಟಾಪ್ ಒಯ್ಯಿರಿ. ಐದಾರು ಸಲ ಆನ್ ಆಫ್ ಮಾಡಿ, ಜೂಮ್ ಕೊನೆಯವರೆಗೆ ಎಳೆದು ಬಿಡಿ. ಲೆನ್ಸ್ ಎಲ್ಲಾದರೂ ಮುಗ್ಗರಿಸಿದರೆ, ಕರಕರ ಎಂದರೆ ಅಲ್ಲಿಂದಲೇ ವಾಪಸ್. ಬಿಳಿ ಗೋಡೆಯ ಒಂದು ಫೋಟೊ ತೆಗೆಯಿರಿ. ನಮ್ಮ ಕರಾವಳಿಯ ಪಸೆಗೆ ಲೆನ್ಸಿನ ಒಳಗೆ ಬೂಸ್ಟು ಹಿಡಿದಿರುತ್ತದೆ, ಗೋಡೆಯ ಮೇಲೆ ಮಸುಕು ಕಲೆಯಾಗಿ ಕಾಣುತ್ತದೆ. ಲೆನ್ಸ್ ಮುಚ್ಚಿ ಒಂದು ಫೋಟೊ ತೆಗೆದರೆ ಕೆಟ್ಟ ಪಿಕ್ಸೆಲ್‌ಗಳು ಬಣ್ಣದ ಚುಕ್ಕಿಗಳಾಗಿ ಕೂತಿರುತ್ತವೆ. ಬ್ಯಾಟರಿ ಉಬ್ಬಿದೆಯೇ, ಆ ಮಾದರಿಯ ಬ್ಯಾಟರಿ ಈಗಲೂ ಸಿಗುತ್ತದೆಯೇ ನೋಡಿ. ತೀರಾ ಹಳೆಯವು 2 ಜಿಬಿಗಿಂತ ದೊಡ್ಡ ಕಾರ್ಡ್ ಓದುವುದಿಲ್ಲ. ಕೆಲವು ಹಳೆಯ ಒಲಿಂಪಸ್, ಫ್ಯೂಜಿ ಕ್ಯಾಮೆರಾಗಳಿಗೆ ಬೇಕಾದ ಎಕ್ಸ್‌ಡಿ ಕಾರ್ಡ್ ತಯಾರಾಗುವುದು ನಿಂತೇ ವರ್ಷಗಳಾದವು. ಇದೆಲ್ಲಕ್ಕಿಂತ ಮೊದಲು, ಮನೆಯ ಕಪಾಟು ತೆರೆಯಿರಿ. ಮಾವನ ಕ್ಯಾಮೆರಾಕ್ಕೆ ಒಂದು ಹೊಸ ಬ್ಯಾಟರಿ ಹಾಕಿದರೆ ಕೆಲಸ ಮುಗಿಯಬಹುದು.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಬೇರೆಯ ಮಾತು. ಮದುವೆ, ಗೃಹಪ್ರವೇಶದ ಫೋಟೊ ತೆಗೆದು ಸಂಪಾದಿಸುವ ಯೋಚನೆ ಇದ್ದರೆ ಯಾವ ಕಾಂಪ್ಯಾಕ್ಟನ್ನೂ ಕಂತಿನಲ್ಲಿ ತೆಗೆದುಕೊಳ್ಳಬೇಡಿ. ಅದರಿಂದ ಕಂತು ಕಟ್ಟುವಷ್ಟು ದುಡಿಮೆ ಆಗದು. ಊರಿನ ಸ್ಟುಡಿಯೊದವರ ಜೊತೆ ಒಂದು ಸೀಸನ್ ಲೈಟ್ ಹಿಡಿಯಲು ಹೋದರೆ ಲೆನ್ಸ್ ಬದಲಿಸುವ ಕ್ಯಾಮೆರಾ ಕೈಗೆ ಸಿಗುತ್ತದೆ, ದಿನಕ್ಕಿಷ್ಟು ಎಂದು ಸಂಬಳವೂ ಸಿಗುತ್ತದೆ. 'ವ್ಲಾಗಿಂಗ್ ಕ್ಯಾಮೆರಾ' ಎಂಬ ಹೆಸರಿನ ಮೂರು ಕಾಸಿನ ಪೆಟ್ಟಿಗೆಗಳನ್ನು ಮಾರುವವರ ಕಣ್ಣು ಇರುವುದು ಯೂಟ್ಯೂಬಿನಲ್ಲಿ ದುಡಿಯುವ ಕನಸು ಕಾಣುವ ನಮ್ಮ ಮೇಲೆಯೇ.

ಮೋಸ ಮಾಡಿದರೆ ಕೇಳುವವರಿಲ್ಲವೇ? ಕಾನೂನು ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಇದೆ. 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. 5 ಲಕ್ಷದವರೆಗಿನ ಪ್ರಕರಣಕ್ಕೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವೂ ಇಲ್ಲ. ಆದರೆ ಆರು ಸಾವಿರದ ವಸ್ತುವಿಗೆ ಪರೀಕ್ಷೆ ಬಿಟ್ಟು ಮಂಗಳೂರಿಗೆ ಅಲೆಯುವವರು ಯಾರು? ಮಾರುವವರಿಗೆ ಅದು ಚೆನ್ನಾಗಿ ಗೊತ್ತು. ಆನ್‌ಲೈನ್ ಮಾರಾಟದಲ್ಲಿ ಗರಿಷ್ಠ ಬೆಲೆ, ತಯಾರಾದ ದೇಶ, ಆಮದುದಾರರ ಹೆಸರು ತೋರಿಸುವುದು ಕಡ್ಡಾಯ. ಅದೇ ಸಾಲಿಗೆ ಸೆನ್ಸರಿನ ಗಾತ್ರ ಮತ್ತು ಅದರ ನಿಜವಾದ ಪಿಕ್ಸೆಲ್ ಸಂಖ್ಯೆಯನ್ನು ಸೇರಿಸಿದರೆ ಈ ವ್ಯಾಪಾರದ ಅರ್ಧಕ್ಕರ್ಧ ನಿಂತುಹೋಗುತ್ತದೆ. ಫ್ರಿಜ್ಜಿನ ಮೇಲೆ ನಕ್ಷತ್ರದ ಚೀಟಿ ಅಂಟಿಸಲು ಸಾಧ್ಯವಾದರೆ ಇದೂ ಸಾಧ್ಯ.

ನನ್ನ ಗೆಳೆಯ ನಮ್ಮ ಲ್ಯಾಬಿನ ಚಿತ್ರಗಳನ್ನು ದೂರಿನ ಜೊತೆ ಲಗತ್ತಿಸಿ, ವಾಪಸಾತಿಯ ಗಡುವು ಮುಗಿಯುವ ಮೊದಲು ಕಳುಹಿಸಿದ. ಹಣ ಹಿಂದೆ ಬಂತು. ಆ ಕ್ಯಾಮೆರಾ ಮಾತ್ರ ಅದೇ ತಾಣದಲ್ಲಿ ಈಗಲೂ ಮಾರಾಟಕ್ಕಿದೆ. ಕಳೆದ ವಾರ ನೋಡಿದಾಗ ಅದರ ಮೇಲೆ 64 ಮೆಗಾಪಿಕ್ಸೆಲ್ ಎಂದು ಬರೆದಿತ್ತು.