ಹಂಚಿಕೊಂಡ ಪುಟ, ಎದುರುಬದುರಿನ ತರಗತಿ

2020ರಲ್ಲಿ ಕೊರೊನಾ ಕಾರಣಕ್ಕೆ ಅಂತರಜಾಲಕ್ಕೆ ಸಾಗಿದ ಹೊರನಾಡಿನ ಕನ್ನಡ ತರಗತಿಗಳಲ್ಲಿ ಅನೇಕವು ವಾರಾಂತ್ಯದ ಕೊಠಡಿಗಳಿಗೆ ಮರಳಿವೆ. ಗೂಗಲ್ ಡಾಕ್ಸ್ ಮಾತ್ರ ಉಳಿದುಕೊಂಡಿದೆ. ಉಳಿಯಲಿ. ನಾಲ್ಕು ಮಕ್ಕಳು ಒಂದೇ ಪುಟದಲ್ಲಿ ಕಥೆ ಕಟ್ಟುವುದು, ಊರಿನಲ್ಲಿರುವ ಅಜ್ಜಿ ಅದರ ಅಂಚಿನಲ್ಲೊಂದು ಟಿಪ್ಪಣಿ ಸೇರಿಸುವುದು ಹಳೆಯ ಕಾಪಿಪುಸ್ತಕದಲ್ಲಿ ಸಾಧ್ಯವಿರಲಿಲ್ಲ.

ಆದರೆ ಈ ಪುಟ ಮರೆಮಾಚುವುದೂ ಉಂಟು. ರೋಮನ್ ಲಿಪಿಯಲ್ಲಿ ಒಂದೇ ಬಗೆಯಾಗಿ ಟೈಪಿಸಿದರೂ ಹಳ್ಳಿ, ಹಲ್ಲಿ ಎರಡೂ ಆಯ್ಕೆಗೆ ಬರುತ್ತವೆ. ಮಗು ತಿಳಿದು ಆರಿಸಿತೋ, ಮೊದಲು ಕಂಡದ್ದನ್ನು ಒತ್ತಿತೋ? ಪರಿಷ್ಕರಣೆಯ ಇತಿಹಾಸ ಯಾರ ಖಾತೆಯಿಂದ ಏನು ಬರೆಯಲಾಯಿತೆಂದು ತೋರಿಸುತ್ತದೆ. ಕೀಲಿಮಣೆಯ ಮುಂದೆ ಕುಳಿತವರು ಮಗುವೋ ಅಮ್ಮನೋ (ಅಪರೂಪಕ್ಕೆ ಅಪ್ಪನೋ) ಎಂಬುದನ್ನಲ್ಲ.

ಹೀಗಿರುವಾಗ ವಾರಕ್ಕೆ ಸಿಗುವ ಒಂದೆರಡು ಗಂಟೆಗಳನ್ನು ಸ್ಲೈಡ್ ತೋರಿಸುತ್ತ ಕಳೆಯುವುದು ದುಂದು. ವಿವರಣೆಯ ವೀಡಿಯೊ ಮನೆಗಿರಲಿ. ತರಗತಿಯಲ್ಲಿ ಮಕ್ಕಳು ತಾವು ಬರೆದುದನ್ನು ಗಟ್ಟಿಯಾಗಿ ಓದಲಿ, ಲಕಾರ ಳಕಾರಗಳಲ್ಲಿ ಎಡವಲಿ, ಒತ್ತಕ್ಷರಗಳನ್ನು ಕೈಯಾರೆ ತಿದ್ದಲಿ, ಕಥೆಯ ಕೊನೆ ಹೀಗೇಕಾಯಿತೆಂದು ಜಗಳವಾಡಲಿ.

ಇದಕ್ಕಾಗಿ ಶಿಕ್ಷಕರು ವಾರವಿಡೀ ಆ ಪುಟಗಳನ್ನು ಓದಿಕೊಂಡು ಬರಬೇಕಾಗುತ್ತದೆ. ಅವರಲ್ಲಿ ಅನೇಕರು ಸಂಬಳವಿಲ್ಲದ ಸ್ವಯಂಸೇವಕರು. ಹೊಸ ತಂತ್ರಾಂಶ ಕೊಳ್ಳುವ ಚರ್ಚೆಗಿಂತ ಮೊದಲು ಕನ್ನಡ ಕೂಟಗಳು ಈ ದುಡಿಮೆಗೆ ಗೌರವಧನವನ್ನು ತಮ್ಮ ಆಯವ್ಯಯದಲ್ಲಿ ಸೇರಿಸಬೇಕು.